ಪೈಲ್ಸ್ ಆಪರೇಷನ್ ಆದ ಮೇಲೆ ಗಾಯಕ್ಕೆ ಯಾವ ಮುಲಾಮು?

ಪೈಲ್ಸ್ ಆಪರೇಷನ್ ಮುಗಿಸಿ ಮನೆಗೆ ಬಂದವರು ಎರಡು ದಿನ ಕಳೆದ ಮೇಲೆ ಕನ್ನಡಿ ಹಿಡಿದು ಗಾಯ ನೋಡಿಕೊಳ್ಳುತ್ತಾರೆ. ನೋಡಿದವರು ಗಾಬರಿಯಾಗುವುದೇ ಜಾಸ್ತಿ. ಹೊಲಿಗೆ ಇಲ್ಲ, ಬ್ಯಾಂಡೇಜ್ ಇಲ್ಲ, ಕೆಂಪಗೆ ಬಾಯಿ ಬಿಟ್ಟುಕೊಂಡ ಹಸಿ ಗಾಯ. ಆಗ ಶುರುವಾಗುತ್ತದೆ ಸಲಹೆಗಳ ಸುರಿಮಳೆ. ಅರಿಶಿನ ಹಚ್ಚು ಅಂತಾರೆ ಅತ್ತೆ. ಲೋಳೆಸರ ತಿಕ್ಕು ಅಂತಾರೆ ಪಕ್ಕದ ಮನೆಯವರು. ಮೆಡಿಕಲ್ ಶಾಪಿನವರು ಒಂದು ಹಸಿರು ಟ್ಯೂಬ್ ಕೊಡುತ್ತಾರೆ. ಇದರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ತೊಂದರೆ ಕೊಡುತ್ತದೆ ಅಂತ ಬಿಡಿಸಿ ಹೇಳುವವರು ಕಡಿಮೆ. ನಮ್ಮಲ್ಲಿ ಈ ಕಾಯಿಲೆಯ ಮಾತು ಎತ್ತುವುದಕ್ಕೇ ಸಂಕೋಚ. ಡಾಕ್ಟರ ಮುಂದೆಯೂ ಅರ್ಧ ಕೇಳಿ ಅರ್ಧ ನುಂಗಿಕೊಂಡು ಎದ್ದು ಬರುತ್ತೇವೆ.

ಮೊದಲು ಆ ಬಾಯಿಬಿಟ್ಟ ಗಾಯದ ವಿಷಯ. ಅದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ ಎಂಬ ಸರ್ಜನ್‌ಗಳು 1937ರಲ್ಲಿ ಪ್ರಕಟಿಸಿದ ವಿಧಾನ ಇದು. ಮೊಳೆಯ ಬುಡಕ್ಕೆ ದಾರ ಕಟ್ಟಿ, ಕತ್ತರಿಸಿ ತೆಗೆದು, ಆ ಜಾಗವನ್ನು ಹೊಲಿಯದೆ ಬಿಡುತ್ತಾರೆ. ಸಾಮಾನ್ಯವಾಗಿ ಮೂರು ಗಾಯ. ಎರಡು ಗಾಯಗಳ ನಡುವೆ ಒಳ್ಳೆಯ ಚರ್ಮದ ಪಟ್ಟಿ ಉಳಿಸುತ್ತಾರೆ. ಅದನ್ನು ಉಳಿಸದಿದ್ದರೆ ಗಾಯ ಮಾಯುವಾಗ ಸುತ್ತಲೂ ಬಿಗಿದುಕೊಂಡು ದಾರಿಯೇ ಕಿರಿದಾಗುತ್ತದೆ. ದಿನವೂ ಮಲ ಹಾದುಹೋಗುವ ಜಾಗ ಅದು. ಬಾಯಿ ತೆರೆದಿದ್ದರೆ ಒಳಗೆ ಕೀವು ಕಟ್ಟಿಕೊಳ್ಳದೆ ಹೊರಗೆ ಹರಿದುಹೋಗುತ್ತದೆ.

ಎಲ್ಲರಿಗೂ ಇದೇ ಆಪರೇಷನ್ ಆಗಿರುವುದಿಲ್ಲ. 1959ರಲ್ಲಿ ಅಮೆರಿಕದ ಫರ್ಗುಸನ್ ವಿವರಿಸಿದ ವಿಧಾನದಲ್ಲಿ ಗಾಯವನ್ನು ಕರಗುವ ದಾರದಿಂದ ಹೊಲಿಯುತ್ತಾರೆ. 1990ರ ದಶಕದಲ್ಲಿ ಇಟಲಿಯ ಲಾಂಗೊ ತಂದ ಸ್ಟೇಪ್ಲರ್ ವಿಧಾನದಲ್ಲಿ ಗಾಯ ಇರುವುದು ಒಳಗಡೆ, ಹೊರಗೆ ಹಚ್ಚುವುದಕ್ಕೆ ಏನೂ ಇರುವುದಿಲ್ಲ. ಹಾಗಾಗಿ ಮುಲಾಮಿನ ಬಗ್ಗೆ ಯೋಚಿಸುವ ಮೊದಲು ಡಿಸ್ಚಾರ್ಜ್ ಕಾಗದ ತೆಗೆದು ನಿಮಗೆ ಆಗಿದ್ದು ಯಾವ ಆಪರೇಷನ್ ಅಂತ ನೋಡಿಕೊಳ್ಳಿ. ಇಲ್ಲಿ ಹೇಳುವುದೆಲ್ಲ ಹೆಚ್ಚಾಗಿ ತೆರೆದ ಗಾಯದ ಬಗ್ಗೆ.

ಗಾಯ ಹೇಗೆ ಮಾಯುತ್ತದೆ

ತೆರೆದ ಗಾಯ ಬುಡದಿಂದ ಮೇಲಕ್ಕೆ ತುಂಬಿಕೊಳ್ಳುತ್ತದೆ. ಮೊದಲ ಕೆಲವು ದಿನ ಊತ, ಉರಿ, ತಿಳಿ ನೀರಿನ ಸೋರಿಕೆ. ಆಮೇಲೆ ಗಾಯದ ಮೇಲೆ ತೆಳ್ಳಗೆ ಹಳದಿ ಪೊರೆ ಕಾಣಿಸುತ್ತದೆ. ಬಹಳ ಜನ ಇದನ್ನು ಕೀವು ಅಂದುಕೊಂಡು ತಿಕ್ಕಿ ತೆಗೆಯಲು ಹೋಗುತ್ತಾರೆ. ಅದು ಕೀವಲ್ಲ, ಗಾಯ ತಾನೇ ಹೊದ್ದುಕೊಂಡ, ಫೈಬ್ರಿನ್ ಎಂಬ ರಕ್ತದ ನಾರಿನ ಪೊರೆ. ತಿಕ್ಕಬೇಡಿ. ಒಂದು ವಾರ ಕಳೆಯುವಷ್ಟರಲ್ಲಿ ಅಡಿಯಿಂದ ಕೆಂಪಗೆ, ತರಿತರಿಯಾಗಿ ಹೊಸ ಮಾಂಸ ಏಳುತ್ತದೆ. ಅದರಲ್ಲಿ ಹೊಸ ರಕ್ತನಾಳ ಇರುವುದರಿಂದ ಮುಟ್ಟಿದರೆ ಹನಿ ರಕ್ತ ಬರಬಹುದು. ಆ ಮಾಂಸದ ಮೇಲೆ ಅಂಚಿನಿಂದ ಹೊಸ ಚರ್ಮ ಸರಿಯುತ್ತಾ ಬಂದು ಮುಚ್ಚುತ್ತದೆ. ಇಷ್ಟಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ತಡ.

ಮುಲಾಮಿನ ಕೆಲಸ ಅರ್ಥವಾಗಬೇಕಾದರೆ ಕೊನೆಯ ಹಂತವನ್ನು ಗಮನಿಸಬೇಕು. ಚರ್ಮದ ಹೊಸ ಜೀವಕೋಶ ತೇವ ಇರುವ ಕಡೆ ಸಲೀಸಾಗಿ ಸರಿಯುತ್ತದೆ. ಒಣಗಿ ಹಕ್ಕಳೆ ಕಟ್ಟಿದರೆ ಅದರ ಅಡಿಗೆ ನುಸುಳಿಕೊಂಡು ಹೋಗಬೇಕು. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಇದನ್ನು ಪರೀಕ್ಷಿಸಿ ತೋರಿಸಿದರು. ಗಾಳಿಗೆ ಬಿಟ್ಟು ಒಣಗಿಸಿದ ಗಾಯಕ್ಕಿಂತ ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಸುಮಾರು ಎರಡು ಪಟ್ಟು ಬೇಗ ಚರ್ಮ ಬಂತು. ಗಾಯ ಬೇಗ ಒಣಗಲಿ ಅಂತ ಪೌಡರ್ ಉದುರಿಸುವ ನಮ್ಮ ರೂಢಿ ಇದಕ್ಕೆ ಪೂರ್ತಿ ವಿರುದ್ಧ.

ಅಂದರೆ, ಮುಲಾಮಿನ ಬಹುಪಾಲು ಉಪಯೋಗ ಅದರ ಎಣ್ಣೆ, ತುಪ್ಪ ಅಥವಾ ಮೇಣದಿಂದಲೇ ಸಿಗುತ್ತದೆ. ಅದು ತೇವ ಹಿಡಿದಿಡುತ್ತದೆ, ಮಲ ನೇರವಾಗಿ ಉಜ್ಜದಂತೆ ಪದರ ಕಟ್ಟುತ್ತದೆ, ಬಟ್ಟೆ ಅಂಟದಂತೆ ನೋಡಿಕೊಳ್ಳುತ್ತದೆ. ಗಿಡಮೂಲಿಕೆ ಇದರ ಮೇಲೆ ಇನ್ನೇನು ಕೊಡುತ್ತದೆ ಅನ್ನುವುದು ಮುಂದಿನ ಪ್ರಶ್ನೆ. ಒಳ್ಳೆಯ ಮುಲಾಮು ಅಂದರೆ ಗಾಯ ತಾನೇ ಮಾಯುವುದಕ್ಕೆ ಅಡ್ಡಿ ಬರದೆ ಅನುಕೂಲ ಮಾಡಿಕೊಡುವ ಮುಲಾಮು. ಗಾಯವನ್ನು ಮುಚ್ಚಿಸುವ ಶಕ್ತಿ ಯಾವ ಟ್ಯೂಬಿನಲ್ಲೂ ಇಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ತಿಳಿದಿರಬೇಕಾದ ಮುಖ್ಯ ಮಾತು ಇದು.

ಜಾತ್ಯಾದಿ

ಹಾಸನ, ಉಡುಪಿ, ಮೈಸೂರು, ಬೆಂಗಳೂರಿನ ಆಯುರ್ವೇದ ಕಾಲೇಜು ಆಸ್ಪತ್ರೆಗಳ ಶಲ್ಯತಂತ್ರ, ಅಂದರೆ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಹೋದರೆ ಗುದದ ಗಾಯದ ಮಾತು ಬಂದಾಗಲೆಲ್ಲ ಕಿವಿಗೆ ಬೀಳುವ ಹೆಸರು ಜಾತ್ಯಾದಿ. ಎಣ್ಣೆಯಲ್ಲಿ ಮಾಡಿದರೆ ಜಾತ್ಯಾದಿ ತೈಲ, ತುಪ್ಪದಲ್ಲಿ ಮಾಡಿದರೆ ಜಾತ್ಯಾದಿ ಘೃತ. ಶಾರ್ಙ್ಗಧರ ಸಂಹಿತೆಯಲ್ಲಿ ಇದರ ಪಾಠ ಇದೆ. ಜಾಜಿ ಎಲೆ, ಬೇವಿನ ಎಲೆ, ಅರಿಶಿನ, ದಾರುಹರಿದ್ರ, ಮಂಜಿಷ್ಠ, ಜ್ಯೇಷ್ಠಮಧು, ಹೊಂಗೆ ಬೀಜ, ಜೇನುಮೇಣ, ಜೊತೆಗೆ ತುತ್ಥ, ಅಂದರೆ ಮೈಲುತುತ್ತ. ಮಲೆನಾಡಿನವರಿಗೆ ಇದು ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಬೋರ್ಡೋ ಹೊಡೆಯುತ್ತಾರಲ್ಲ, ಅದೇ ನೀಲಿ ಹರಳು.

ತಯಾರಿ ನೋಡುವಂಥದ್ದು. ಮೂಲಿಕೆಗಳನ್ನು ಅರೆದ ಮುದ್ದೆ ಒಂದು ಪಾಲು, ಎಳ್ಳೆಣ್ಣೆ ನಾಲ್ಕು ಪಾಲು, ನೀರು ಅಥವಾ ಕಷಾಯ ಹದಿನಾರು ಪಾಲು. ಇದು ಶಾಸ್ತ್ರ ಹೇಳುವ ಸಾಮಾನ್ಯ ಲೆಕ್ಕ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ನೀರೆಲ್ಲ ಆರುವ ತನಕ ಕಾಯಿಸಬೇಕು. ಹದ ಬಂತೇ ಅಂತ ನೋಡಲು ಅಡಿಯ ಮುದ್ದೆಯಿಂದ ಚೂರು ತೆಗೆದು ಬೆರಳ ನಡುವೆ ಹೊಸೆಯುತ್ತಾರೆ. ಅದು ಬತ್ತಿಯಾಗಿ ಬರಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಅನ್ನಬಾರದು. ಸದ್ದು ಬಂದರೆ ಒಳಗೆ ಇನ್ನೂ ನೀರಿದೆ ಅಂತ. ನೀರು ಉಳಿದ ಎಣ್ಣೆ ಬೇಗ ಕೆಡುತ್ತದೆ, ಬೂಸ್ಟು ಹಿಡಿಯುತ್ತದೆ. ಹಸಿ ಗಾಯಕ್ಕೆ ಹಾಕುವ ಪದಾರ್ಥದಲ್ಲಿ ಇದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ಸುಮ್ನೆ ಬೇವಿನ ಸೊಪ್ಪು ಜಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಬಾಟ್ಲಿಗೆ ತುಂಬಿಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ಮೈಲುತುತ್ತ ಯಾಕೆ? ತಾಮ್ರಕ್ಕೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಗುಣ ಇದೆ, ಒಸರುವ ಗಾಯವನ್ನು ಬಿಗಿಗೊಳಿಸುವ ಗುಣವೂ ಇದೆ. ಆದರೆ ಪ್ರಮಾಣ ಮೀರಿದರೆ ಅದೇ ತಾಮ್ರ ಹೊಸ ಮಾಂಸವನ್ನು ಸುಡುತ್ತದೆ. ಅದಕ್ಕೇ ಶೋಧನೆ ಮಾಡಿದ, ಅಂದರೆ ಶಾಸ್ತ್ರದ ಪ್ರಕಾರ ಶುದ್ಧ ಮಾಡಿದ ತುತ್ಥವನ್ನೇ ಬಳಸಬೇಕು. ನಮ್ಮ ದೇಶದ ಔಷಧ ನಿಯಮಗಳಲ್ಲಿ ಆಯುರ್ವೇದದ ವಿಷಕಾರಿ ದ್ರವ್ಯಗಳಿಗೆ ಒಂದು ಪಟ್ಟಿ ಇದೆ, ಶೆಡ್ಯೂಲ್ ಇ(1) ಅಂತ. ತುತ್ಥ ಆ ಪಟ್ಟಿಯಲ್ಲಿದೆ. ಜಾತ್ಯಾದಿಯನ್ನು ಹೊಟ್ಟೆಗೆ ತೆಗೆದುಕೊಳ್ಳುವಂತಿಲ್ಲ, ಮಕ್ಕಳ ಕೈಗೆ ಸಿಗುವಂತೆ ಇಡುವಂತಿಲ್ಲ. ಗಿಡಮೂಲಿಕೆ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂದುಕೊಳ್ಳುವವರಿಗೆ ಈ ಒಂದು ಉದಾಹರಣೆ ಸಾಕು.

ದಾರುಹರಿದ್ರದ ಕಥೆ ಇನ್ನೂ ಸ್ವಾರಸ್ಯ. ಅದು ಹಿಮಾಲಯದ ಮುಳ್ಳು ಪೊದೆ. ದಕ್ಷಿಣದಲ್ಲಿ ಅದರ ಬದಲು ಪಶ್ಚಿಮ ಘಟ್ಟದ ಮರದರಿಶಿನ ಬಳ್ಳಿಯನ್ನು ಬಳಸುವ ರೂಢಿ ಬೆಳೆದಿದೆ. ಎರಡೂ ಬೇರೆ ಬೇರೆ ಜಾತಿಯ ಗಿಡ, ಆದರೆ ಎರಡರಲ್ಲೂ ಹಳದಿ ಬಣ್ಣದ ಬರ್ಬೆರಿನ್ ಇದೆ. ಅದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಈಗ ಚೀನಾದ ಕಡೆ ನೋಡಿ. 1980ರ ದಶಕದಲ್ಲಿ ಅಲ್ಲಿ ಷು ರೊಂಗ್‌ಷಿಯಾಂಗ್ ಎಂಬ ವೈದ್ಯರು ಸುಟ್ಟಗಾಯಕ್ಕೆ ಮೆಬೊ ಎಂಬ ಮುಲಾಮು ಮಾಡಿದರು. ಮುಂದೆ ಅದನ್ನು ಬೇರೆ ತೆರೆದ ಗಾಯಗಳಿಗೂ ಬಳಸತೊಡಗಿದರು. ಅದರಲ್ಲಿ ಇರುವುದೇನು? ಎಳ್ಳೆಣ್ಣೆ, ಜೇನುಮೇಣ, ಬರ್ಬೆರಿನ್ ಇರುವ ಬೇರು. ಸಾವಿರಾರು ಮೈಲಿ ದೂರದ ಎರಡು ವೈದ್ಯಪದ್ಧತಿಗಳು ಬೇರೆ ಬೇರೆ ಕಾಲದಲ್ಲಿ ಹೆಚ್ಚುಕಡಿಮೆ ಒಂದೇ ಬುಡಕ್ಕೆ ಬಂದು ನಿಂತಿವೆ. ನನಗೆ ಇದು ಯಾವ ಜಾಹೀರಾತಿಗಿಂತಲೂ ಹೆಚ್ಚು ನಂಬಿಕೆ ಕೊಡುವ ಸಂಗತಿ. ಹಾಗಂತ ಇದೇ ಪುರಾವೆ ಅಲ್ಲ. ಬರ್ಬೆರಿನ್ ಎಣ್ಣೆಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಎಷ್ಟು ಇಳಿಯಿತು ಅನ್ನುವುದು ತಯಾರಿಯ ಮೇಲೆ ನಿಂತಿದೆ. ಒಂದು ಕಂಪನಿಯ ಜಾತ್ಯಾದಿಗೂ ಇನ್ನೊಂದರದ್ದಕ್ಕೂ ಫರಕು ಬರುವುದು ಹೀಗೆ. ಇನ್ನೊಂದು ನೋವಿನ ವಿಷಯ ಇದೆ. ಕಾಡಿನಿಂದ ಕಿತ್ತು ಕಿತ್ತು ಮರದರಿಶಿನ ಬಳ್ಳಿ ಘಟ್ಟದಲ್ಲಿ ಅಳಿವಿನ ಅಂಚಿಗೆ ಬಂದಿದೆ. ಬೆಳೆಸದೆ ಬರೀ ಕೀಳುತ್ತಾ ಹೋದರೆ ಈ ಔಷಧಕ್ಕೆ ಬಳ್ಳಿಯೇ ಉಳಿಯುವುದಿಲ್ಲ.

ಆಯುರ್ವೇದದಲ್ಲಿ ಮೂಲವ್ಯಾಧಿಗೆ ಕತ್ತರಿ ಒಂದೇ ದಾರಿ ಅಲ್ಲ. ಸುಶ್ರುತ ನಾಲ್ಕು ಬಗೆ ಹೇಳುತ್ತಾನೆ: ಔಷಧ, ಕ್ಷಾರ, ಅಗ್ನಿ, ಶಸ್ತ್ರ. ಕ್ಷಾರಕರ್ಮದಲ್ಲಿ ಉತ್ತರಾಣಿ ಬೂದಿಯಿಂದ ತೆಗೆದ ತೀಕ್ಷ್ಣ ಕ್ಷಾರವನ್ನು ಮೊಳೆಗೆ ಹಚ್ಚುತ್ತಾರೆ. ಮೊಳೆ ಮಾಗಿದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದಾಗ ಹುಳಿ ಪದಾರ್ಥದಿಂದ ತೊಳೆಯುತ್ತಾರೆ. ಈಗ ಹೆಚ್ಚಾಗಿ ನಿಂಬೆ ರಸ. ಕ್ಷಾರವನ್ನು ಹುಳಿ ತಣಿಸುತ್ತದೆ, ಶಾಲೆಯಲ್ಲಿ ಓದಿದ ರಸಾಯನಶಾಸ್ತ್ರವೇ ಇದು. ಹೀಗೆ ಆದ ಗಾಯಕ್ಕೂ ಮೊದಲು ಹಚ್ಚುವುದು ಜ್ಯೇಷ್ಠಮಧು ಹಾಕಿ ಕಾಯಿಸಿದ ತುಪ್ಪ ಅಥವಾ ಜಾತ್ಯಾದಿ. ಶಸ್ತ್ರದ ನೋವಿಗೆ ಜ್ಯೇಷ್ಠಮಧು ಬೆರೆತ ಬೆಚ್ಚನೆಯ ತುಪ್ಪ ಸುರಿಯಬೇಕು ಅನ್ನುವ ಮಾತು ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲೇ ಇದೆ.

ಅರಿಶಿನ, ಲೋಳೆಸರ, ಒಂದೆಲಗ

ಗಾಯಕ್ಕೆ ಅರಿಶಿನ ಹಚ್ಚುವುದು ನಮಗೆ ಹೊಸದಲ್ಲ. ಹೊಸದಲ್ಲ ಅನ್ನುವುದನ್ನೇ ಒಂದು ಸಲ ಅಮೆರಿಕದಲ್ಲಿ ಸಾಬೀತು ಮಾಡಬೇಕಾಗಿ ಬಂತು. 1995ರಲ್ಲಿ ಅಲ್ಲಿನ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಶಿನದಿಂದ ಗಾಯ ಮಾಯಿಸುವುದರ ಮೇಲೆ ಪೇಟೆಂಟ್ ಸಿಕ್ಕಿತು. ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳ ದಾಖಲೆ ಇಟ್ಟು ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಹೆಮ್ಮೆ ಪಡಬೇಕಾದ ಗೆಲುವು. ಆದರೆ ಅಲ್ಲಿ ತೀರ್ಮಾನವಾದದ್ದು ಈ ತಿಳಿವಳಿಕೆ ಹಳೆಯದು ಅನ್ನುವುದು ಮಾತ್ರ. ಆಪರೇಷನ್ ಗಾಯಕ್ಕೆ ಅದು ಎಷ್ಟು ಕೆಲಸ ಮಾಡುತ್ತದೆ ಅನ್ನುವ ಪ್ರಶ್ನೆ ಅಲ್ಲಿ ಬರಲೇ ಇಲ್ಲ.

ಅರಿಶಿನದ ಕರ್ಕ್ಯುಮಿನ್ ಊತ ಇಳಿಸುತ್ತದೆ ಅಂತ ಪ್ರಯೋಗಾಲಯದಲ್ಲಿ ಬಹಳ ಸಲ ಕಂಡಿದೆ. ಅದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ತೈಲ, ಘೃತದಲ್ಲಿ ಬಳಸುವುದಕ್ಕೆ ಹಾಗಾಗಿ ಅರ್ಥ ಇದೆ. ಅಡುಗೆಮನೆ ಡಬ್ಬಿಯ ಪುಡಿಯನ್ನು ನೇರವಾಗಿ ಗುದದ ಹಸಿ ಗಾಯಕ್ಕೆ ಒತ್ತುವುದು ಮಾತ್ರ ಬೇಡ. ಆ ಪುಡಿಯಲ್ಲಿ ಪಿಷ್ಟ ಇರುತ್ತದೆ, ಧೂಳು, ಬ್ಯಾಕ್ಟೀರಿಯಾದ ಬೀಜಕ ಇರುತ್ತವೆ, ಕಲಬೆರಕೆ ಆಗಿದ್ದರೆ ಸೀಸದ ಬಣ್ಣವೂ ಇರಬಹುದು. ಜೊತೆಗೆ ಗಾಯದ ನಿಜವಾದ ಬಣ್ಣ ಮುಚ್ಚಿಹೋಗಿ, ಮರು ತಪಾಸಣೆಗೆ ಹೋದಾಗ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ಪೈಲ್ಸ್ ಆಪರೇಷನ್ ಗಾಯದ ಮೇಲೆಯೇ ಪರೀಕ್ಷೆಯಾದ ಗಿಡಗಳಲ್ಲಿ ಲೋಳೆಸರ ಒಂದು. ಇರಾನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಅದು. 49 ರೋಗಿಗಳು. ಕೆಲವರಿಗೆ ಲೋಳೆಸರದ ಕ್ರೀಮ್, ಉಳಿದವರಿಗೆ ನೋಡಲು ಹಾಗೇ ಇರುವ ಬರೀ ಕ್ರೀಮ್. ಯಾರಿಗೆ ಯಾವುದು ಅಂತ ಗೊತ್ತಾಗದಂತೆ ಕೊಟ್ಟರು. ಲೋಳೆಸರದ ಗುಂಪಿಗೆ ನೋವು ಕಡಿಮೆ ಇತ್ತು, ನೋವಿನ ಮಾತ್ರೆ ಕಡಿಮೆ ಸಾಕಾಯಿತು, ಎರಡನೇ ವಾರದ ಕೊನೆಗೆ ಹೆಚ್ಚು ಜನರ ಗಾಯ ಮಾಯ್ದಿತ್ತು. ಒಳ್ಳೆಯ ಸುದ್ದಿಯೇ. ಆದರೆ 49 ಅನ್ನುವುದು ಚಿಕ್ಕ ಸಂಖ್ಯೆ. ಬಳಸಿದ್ದು ಅಳತೆ ಪ್ರಕಾರ ಮಾಡಿದ ಕ್ರೀಮ್. ಕುಂಡದಿಂದ ಎಲೆ ಕಿತ್ತು ತಿಕ್ಕುವುದು ಬೇರೆ ವಿಷಯ. ಎಲೆ ಕತ್ತರಿಸಿದ ಕೂಡಲೇ ಸಿಪ್ಪೆಯ ಪಕ್ಕದಿಂದ ಒಂದು ಹಳದಿ ರಸ ಸೋರುತ್ತದೆ, ನೋಡಿದ್ದೀರಾ? ಅದರಲ್ಲಿ ಅಲೋಯಿನ್ ಇದೆ. ಅದು ಚರ್ಮಕ್ಕೆ ತುರಿಕೆ, ಉರಿ ತರುತ್ತದೆ.

ಒಂದೆಲಗದ ಸಾರ ಇರುವ ಮುಲಾಮು ಹಲವು ದೇಶಗಳಲ್ಲಿ ಗಾಯಕ್ಕೆ, ಕಲೆಗೆ ಬಳಕೆಯಲ್ಲಿದೆ. ಅದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶ ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ನಾರು ಕಟ್ಟಿಕೊಳ್ಳಲು ನೆರವಾಗುತ್ತದೆ. ಜೇನೂ ಗಾಯಕ್ಕೆ ಒಳ್ಳೆಯದೇ, ಆದರೆ ಆಸ್ಪತ್ರೆಯಲ್ಲಿ ಬಳಸುವುದು ವಿಕಿರಣ ಹಾಯಿಸಿ ಶುದ್ಧಮಾಡಿದ ಜೇನು. ಮನೆಯ ಬಾಟ್ಲಿಯದ್ದು ದೋಸೆಗೆ ಇರಲಿ.

ಜಾತ್ಯಾದಿ ಮೇಲೂ ನಮ್ಮಲ್ಲಿ ಅಧ್ಯಯನಗಳು ಆಗಿವೆ, ಹೆಚ್ಚಿನವು ಸಣ್ಣವು. ಅದರ ವಾಸನೆ, ಬಣ್ಣ ಮುಚ್ಚಿಡುವುದು ಕಷ್ಟ. ತನಗೆ ಸಿಕ್ಕಿದ್ದು ಯಾವುದು ಅಂತ ರೋಗಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾದರೆ ನೋವಿನ ಲೆಕ್ಕವೂ ವಾಲುತ್ತದೆ. ಹಾಗಾಗಿ ನಾನು ಹೇಳುವುದು ಇಷ್ಟು. ಇವುಗಳಿಂದ ಉಪಯೋಗ ಇರುವ ಸಾಧ್ಯತೆ ಚೆನ್ನಾಗಿದೆ. ಇಂತಿಷ್ಟು ದಿನದಲ್ಲಿ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಅವರಿಂದ ಕೊಳ್ಳಬೇಡಿ.

ನೋವಿಗೆ ಮುಲಾಮು ಸಾಲದು

ಈ ಆಪರೇಷನ್ ಆದ ಮೇಲಿನ ನೋವು ಬರೀ ಗಾಯದ್ದಲ್ಲ. ಗುದದ್ವಾರದ ಒಳಗೆ ಉಂಗುರದ ಆಕಾರದ ಸ್ನಾಯು ಇದೆ. ಗಾಯದ ಉರಿಗೆ ಅದು ಬಿಗಿಹಿಡಿದು ಕೂರುತ್ತದೆ. ಬಿಗಿದಾಗ ನೋವು ಜಾಸ್ತಿ, ರಕ್ತ ಸಂಚಾರ ಕಡಿಮೆ, ಗಾಯ ಮಾಯುವುದೂ ತಡ. ಈ ಸ್ನಾಯುವನ್ನು ಸಡಿಲಿಸಲು ಡಾಕ್ಟರು ಡಿಲ್ಟಿಯಾಜೆಮ್ ಅಥವಾ ನೈಟ್ರೋಗ್ಲಿಸರಿನ್ ಮುಲಾಮು ಬರೆದುಕೊಡುತ್ತಾರೆ. ಎರಡನೆಯದರಿಂದ ಕೆಲವರಿಗೆ ತಲೆನೋವು ಬರುತ್ತದೆ. ಮೆಟ್ರೊನಿಡಜೋಲ್ ಮುಲಾಮು ನೋವು ತಗ್ಗಿಸುತ್ತದೆ ಅಂತಲೂ ಅಧ್ಯಯನಗಳಲ್ಲಿ ಕಂಡಿದೆ. ಗಿಡಮೂಲಿಕೆ ಸಾಕು ಅಂತ ಇವುಗಳನ್ನು, ನೋವಿನ ಮಾತ್ರೆಗಳನ್ನು ಬಿಟ್ಟುಬಿಡಬೇಡಿ. ನೋವಿಗೆ ಹೆದರಿ ಟಾಯ್ಲೆಟ್‌ಗೆ ಹೋಗುವುದನ್ನು ಮುಂದೂಡಿದರೆ ಮಲ ಗಟ್ಟಿಯಾಗುತ್ತದೆ. ಗಟ್ಟಿ ಮಲ ಒಂದು ಸಲ ಹಾದುಹೋದರೆ ಸಾಕು, ವಾರದ ಹೊಸ ಚರ್ಮ ಕಿತ್ತುಹೋಗುತ್ತದೆ. ಇಸಬಗೋಲು, ಸೊಪ್ಪು ತರಕಾರಿ, ಸಾಕಷ್ಟು ನೀರು ಇವೆಲ್ಲ ಮುಲಾಮಿನಷ್ಟೇ ಮುಖ್ಯ. ನನ್ನನ್ನು ಕೇಳಿದರೆ ಅದಕ್ಕಿಂತ ಮುಖ್ಯ.

ಟ್ಯೂಬ್ ಕೊಳ್ಳುವಾಗ ಒಂದು ಎಚ್ಚರ. ಪೈಲ್ಸ್ ಮುಲಾಮು ಬೇರೆ, ಪೈಲ್ಸ್ ಆಪರೇಷನ್ ಆದ ಗಾಯದ ಮುಲಾಮು ಬೇರೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಪೈಲ್ಸ್ ಕ್ರೀಮ್ ಆಪರೇಷನ್ ಆಗದವರ ಊತ, ತುರಿಕೆ ಇಳಿಸಲು ಮಾಡಿದ್ದು. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ. ಕೆಲವದರಲ್ಲಿ ಕರ್ಪೂರ, ಪುದೀನ ಸತ್ವ ಇರುತ್ತದೆ. ಮುಚ್ಚಿದ ಚರ್ಮಕ್ಕೆ ತಂಪು ಅನ್ನಿಸುವುದು ಹಸಿ ಗಾಯಕ್ಕೆ ಬೆಂಕಿ. ಗಿಡಮೂಲಿಕೆ ಅಂತ ಮಾರಿದ ಚರ್ಮದ ಕ್ರೀಮ್‌ಗಳಲ್ಲಿ ಗುಟ್ಟಾಗಿ ಬೆರೆಸಿದ ಸ್ಟೀರಾಯ್ಡ್ ಸಿಕ್ಕ ಪ್ರಕರಣಗಳು ಹಲವು ದೇಶಗಳಲ್ಲಿ ಬಯಲಾಗಿವೆ. ಲೇಬಲ್ ಮೇಲೆ ತಯಾರಿಕೆಯ ಲೈಸೆನ್ಸ್ ನಂಬರ್, ಪದಾರ್ಥಗಳ ಪಟ್ಟಿ, ಬ್ಯಾಚ್, ತಾರೀಕು ಇಲ್ಲದ ಡಬ್ಬಿ ಎಷ್ಟೇ ಹೆಸರುವಾಸಿಯಾದ ನಾಟಿ ವೈದ್ಯರದ್ದಾದರೂ ಗಾಯದ ಹತ್ತಿರ ತರಬೇಡಿ.

ಹಚ್ಚುವ ಕ್ರಮ

ಯಾವಾಗಿನಿಂದ ಹಚ್ಚಬೇಕು ಅಂತ ಆಪರೇಷನ್ ಮಾಡಿದ ಸರ್ಜನ್‌ ಅವರನ್ನೇ ಕೇಳಿ. ಒಳಗಿಟ್ಟ ಪ್ಯಾಕ್ ತೆಗೆದು, ಮೊದಲ ಸಲ ನೋಡಿದ ಮೇಲೆ ಅವರು ಹೇಳುತ್ತಾರೆ. ಆಯುರ್ವೇದ ಔಷಧ ಹಚ್ಚುತ್ತಿದ್ದರೆ ಅಲೋಪತಿ ಡಾಕ್ಟರಿಗೆ ಮುಚ್ಚಿಡಬೇಡಿ. ಬೈಯುತ್ತಾರೆ ಅನ್ನುವ ಅಂಜಿಕೆಯಿಂದ ಹೇಳದೆ ಇರುವುದೇ ಅಪಾಯ.

ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ ಮಗ್ಗಿನಿಂದ ಮೆಲ್ಲಗೆ ನೀರು ಹಾಕಿ ತೊಳೆಯಿರಿ. ಹೆಲ್ತ್ ಫಾಸೆಟ್ ಜೋರಾಗಿ ಬಿಡಬೇಡಿ. ಅಗಲ ಬೇಸಿನ್‌ನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕುಳಿತುಕೊಳ್ಳಿ. ಬಿಗಿದ ಸ್ನಾಯುವಿಗೆ ಇದರಿಂದ ಹಾಯೆನಿಸುತ್ತದೆ. ಆ ನೀರಿಗೆ ಡೆಟಾಲ್, ಸ್ಯಾವ್ಲಾನ್ ಸುರಿಯಬೇಡಿ, ಅವು ಹೊಸ ಜೀವಕೋಶಗಳನ್ನೂ ಕೊಲ್ಲುತ್ತವೆ. ಆಯುರ್ವೇದದಲ್ಲಿ ತ್ರಿಫಲ ಕಷಾಯ, ಇಲ್ಲವೇ ಆಲ, ಅತ್ತಿ, ಅರಳಿ, ಬಸರಿ ಮುಂತಾದ ಐದು ಮರಗಳ ತೊಗಟೆಯ ಕಷಾಯ ಹಾಕಿಸುತ್ತಾರೆ. ತೊಗಟೆಯ ಒಗರು ಸೋರಿಕೆ ತಗ್ಗಿಸುತ್ತದೆ. ವೈದ್ಯರು ಹೇಳಿದ್ದರೆ ಹೊಸದಾಗಿ ಕುದಿಸಿ, ಸೋಸಿ ಬಳಸಿ. ನಿನ್ನೆಯದು ಬೇಡ.

ಆಮೇಲೆ ಮೆತ್ತನೆ ಹತ್ತಿ ಬಟ್ಟೆಯನ್ನು ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಕೈ ಸೋಪು ಹಾಕಿ ತೊಳೆದು ಕಡಲೆಕಾಳಿನಷ್ಟು ಮುಲಾಮು ತೆಳ್ಳಗೆ ಸವರಿ. ದಪ್ಪ ಮೆತ್ತಿದರೆ ಬೇಗ ಮಾಯುತ್ತದೆ ಅನ್ನುವುದು ಸುಳ್ಳು. ಸುತ್ತಲಿನ ಒಳ್ಳೆಯ ಚರ್ಮ ನೆನೆದು ಬಿಳುಚಿ ತುರಿಕೆ ಬರುತ್ತದೆ. ಎಣ್ಣೆಯನ್ನು ಒಳಗೆ ಏರಿಸುವ ಚಿಕಿತ್ಸೆ ಆಸ್ಪತ್ರೆಯಲ್ಲಿ ನುರಿತವರು ಮಾಡುವಂಥದ್ದು. ಮನೆಯಲ್ಲಿ ಬೆರಳು, ನಳಿಗೆ ಒಳಗೆ ಹಾಕುವ ಸಾಹಸ ಬೇಡ. ಮೊದಲ ಸಲ ಹಚ್ಚುವ ಮೊದಲು ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ನೋಡಿ. ಗಿಡದ ಸಾರಕ್ಕೆ ಅಲರ್ಜಿ ಆಗುವವರು ಇದ್ದಾರೆ.

ಕಾಗದಕ್ಕೆ, ಬಟ್ಟೆಗೆ ಸ್ವಲ್ಪ ರಕ್ತದ ಕಲೆ ಆಗುವುದು ಕೆಲವು ದಿನ ಇದ್ದದ್ದೇ. ಆದರೆ ಒಂದು ವಾರದಿಂದ ಎರಡು ವಾರದೊಳಗೆ ಕೆಲವರಿಗೆ ಇದ್ದಕ್ಕಿದ್ದಂತೆ ಜೋರು ರಕ್ತಸ್ರಾವ ಆಗುತ್ತದೆ. ರಕ್ತ ಧಾರೆಯಾಗಿ ಬಂದರೆ, ಗಡ್ಡೆ ಗಡ್ಡೆಯಾಗಿ ಬಿದ್ದರೆ, ತಲೆ ಸುತ್ತಿದರೆ ಮುಲಾಮು ಹುಡುಕುತ್ತಾ ಕೂರದೆ ಆಗಲೇ ಆಸ್ಪತ್ರೆಗೆ ಹೋಗಿ. ಜ್ವರ, ದುರ್ವಾಸನೆಯ ಕೀವು, ಮೂತ್ರ ಕಟ್ಟುವುದು, ಇಳಿಯುತ್ತಿದ್ದ ನೋವು ಮತ್ತೆ ಏರುವುದು, ಇವಕ್ಕೂ ಅದೇ ಮಾತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಇನ್ನಷ್ಟು ಹುಷಾರಾಗಿರಬೇಕು.

ಗಾಯದ ಮೇಲೆ ಪೂರ್ತಿ ಚರ್ಮ ಬಂದ ಮೇಲೆ ಮುಲಾಮು ನಿಲ್ಲಿಸಿ. ಒಳ್ಳೆಯದಾಯಿತಲ್ಲ ಅಂತ ತಿಂಗಳುಗಟ್ಟಲೆ ಹಚ್ಚುತ್ತಾ ಹೋಗುವವರಿದ್ದಾರೆ. ಅವರಿಗೆ ಆಮೇಲೆ ಬರುವ ತುರಿಕೆ ಎಷ್ಟೋ ಸಲ ಆ ಎಣ್ಣೆಯದ್ದೇ. ಆರು ವಾರ ದಾಟಿಯೂ ಗಾಯ ಹಸಿಯಾಗೇ ಇದ್ದರೆ, ಅಥವಾ ಮಲ ಪೆನ್ಸಿಲಿನಷ್ಟು ಸಣ್ಣಗೆ ಬರತೊಡಗಿದರೆ ಇನ್ನೊಂದು ಟ್ಯೂಬ್ ತರುವ ಬದಲು ಸರ್ಜನ್ ಹತ್ತಿರ ಹೋಗಿ. ದಾರಿ ಬಿಗಿದುಕೊಂಡಿದೆಯೇ ಅಂತ ಅವರು ಬೆರಳಿನಿಂದ ಪರೀಕ್ಷಿಸುತ್ತಾರೆ. ಬೇಗ ಗೊತ್ತಾದರೆ ಅದನ್ನು ಆಪರೇಷನ್ ಇಲ್ಲದೆ ಸಡಿಲಿಸಲು ಆಗುತ್ತದೆ.